ಹಾಸ್ಯವೂ ಅವಹೇಳನವೂ

‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯನ್ನು ಆಡುವವರಲ್ಲಿ ಬಹುಮಂದಿಗೆ ಯಾರನ್ನೂ ನೋಯಿಸುವ ಉದ್ದೇಶವಿರುವುದಿಲ್ಲ. ಗಾದೆಯ ಅನುಕೂಲವೇ ಅದು. ಮಾತಿನ ಹೊಣೆಯನ್ನು ಹಿರಿಯರ ಮೇಲೆ ಹೊರಿಸಿ ಆಡಿದವನು ನಿಶ್ಚಿಂತನಾಗಬಹುದು. ದೇಹದ ಊನವೆಂದರೆ ಸ್ವಭಾವದ ಊನವೇ ಎಂಬ ಪೂರ್ವಗ್ರಹ ಮಾತ್ರ ಮೂರು ಪದಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುತ್ತದೆ.

ಈ ಬಗೆಯ ನಗೆಯ ವಿಚಾರ 2024ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. 2023ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ‘ಆಂಖ್ ಮಿಚೋಲಿ’ಯಲ್ಲಿ ಮರೆವು, ತೊದಲು, ಕಿವುಡು, ಇರುಳುಗುರುಡುಗಳೇ ಒಂದು ಕುಟುಂಬದ ಕಥೆಗೆ ನಗೆಯ ಸರಕು. ಮಗಳ ಸಂಬಂಧ ಕೂಡಿಬರಲೆಂದು ಮನೆಯವರು ಇವನ್ನೆಲ್ಲ ಮರೆಮಾಚಲು ಹೆಣಗುತ್ತಾರೆ. ಇಂತಹ ವಸ್ತುವಿನಲ್ಲಿ ನಗೆಗೆ ಗುರಿಯಾಗಬೇಕಾದವರು ಕಿವಿ ಮಂದವೆಂಬ ಕಾರಣಕ್ಕೆ ಸಂಬಂಧ ಮುರಿಯುವವರು. ಆದರೆ ಮುಚ್ಚಿಡುವವರ ಭಯವೇ ಇಲ್ಲಿ ವಿನೋದದ ವಸ್ತುವಾಗಿದೆ. ವಧೂವರಾನ್ವೇಷಣೆಯಲ್ಲಿ ತೊಡಗಿದ ಯಾವ ಮನೆಗೂ ಈ ಭಯ ಅಪರಿಚಿತವಲ್ಲ.

ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ನಿಪುಣ್ ಮಲ್ಹೋತ್ರಾ ಅವರು ಹೂಡಿದ ಆ ವ್ಯಾಜ್ಯದಲ್ಲಿ ಜುಲೈ 8ರಂದು ತೀರ್ಪು ಬಂದಿತು. ನ್ಯಾಯಾಲಯವು ಚಿತ್ರದ ವಿಷಯದಲ್ಲಿ ಕೈಹಾಕಲಿಲ್ಲ. ಆದರೆ ಅಂಗವೈಕಲ್ಯವನ್ನು ಕುರಿತ ರೂಢಿಯ ತಿಳಿವಳಿಕೆಯನ್ನೇ ಪ್ರಶ್ನಿಸುವ ಹಾಸ್ಯ ಒಂದು, ಅಂಗವಿಕಲರನ್ನು ಕೀಳುಗಳೆಯುವ ಹಾಸ್ಯ ಇನ್ನೊಂದು ಎಂದು ಅದು ಬೇರ್ಪಡಿಸಿತು. ಅವರನ್ನು ಗೇಲಿ ಮಾಡುವುದಷ್ಟೇ ಅಲ್ಲ, ಅತಿಮಾನುಷರೆಂಬಂತೆ ಮೆರೆಸುವುದೂ ಸಲ್ಲದೆಂದಿತು. ಈ ಎರಡನೆಯ ಮಾತು ಹೆಚ್ಚು ಸೂಕ್ಷ್ಮವಾದುದು. ಗದುಗಿನ ಪುಟ್ಟರಾಜ ಗವಾಯಿಗಳಿಗೆ ಭಕ್ತಿಯಿಂದ ಕೈಮುಗಿಯುವವರೇ ಬೀದಿಯಲ್ಲಿ ಎಡವಿದವನನ್ನು ‘ಕಣ್ಣು ಕಾಣುವುದಿಲ್ಲವೇ’ ಎಂದು ಗದರುವುದುಂಟು. ಒಬ್ಬರನ್ನು ಪವಾಡವೆಂದು ಕೊಂಡಾಡುವುದರಿಂದ ಉಳಿದವರ ಪಾಡು ಬದಲಾಗುವುದಿಲ್ಲ.

ಆ ತೀರ್ಪು ಹಾಸ್ಯದ ಸಂದರ್ಭದೊಡನೆ ಉದ್ದೇಶವನ್ನೂ ಗಮನಿಸಬೇಕೆನ್ನುತ್ತದೆ. ಕಲಾಸ್ವಾತಂತ್ರ್ಯವನ್ನು ಕಾಯಬೇಕಾದ ಕಾನೂನಿಗೆ ಇದು ಅನಿವಾರ್ಯವಿರಬಹುದು. ನಿತ್ಯದ ನಡೆನುಡಿಗೆ ಈ ಅಳತೆಗೋಲು ಸಾಲದು. ‘ತಮಾಷೆಗೆ ಅಂದೆ’ ಎಂಬ ಸಮರ್ಥನೆಗೆ ಜೈನ ನೀತಿಯಲ್ಲಿ ಹೆಚ್ಚಿನ ಎಡೆಯಿಲ್ಲ. ಹಾಸ್ಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ಸತ್ಯವ್ರತದ ಭಾವನೆಗಳನ್ನು ಹೇಳುವಾಗ ಉಮಾಸ್ವಾಮಿಗಳು ಕ್ರೋಧ, ಲೋಭ, ಭಯಗಳ ತ್ಯಾಗದೊಡನೆ ಹಾಸ್ಯತ್ಯಾಗವನ್ನೂ ಸೇರಿಸಿ, ವಿಚಾರಿಸಿ ಆಡುವ ಮಾತನ್ನು ಐದನೆಯದಾಗಿ ಇರಿಸಿದ್ದಾರೆ. ಕೋಪದಲ್ಲಿ ಆಡಿದ ಮಾತಿಗೆ ಮರುದಿನ ಕ್ಷಮೆ ಕೇಳುವುದುಂಟು. ನಗುತ್ತ ಆಡಿದುದಕ್ಕೆ ಕೇಳುವವರು ವಿರಳ, ಏಕೆಂದರೆ ಅಲ್ಲಿ ತಪ್ಪು ನಡೆದುದೇ ಗಮನಕ್ಕೆ ಬಂದಿರುವುದಿಲ್ಲ.

ಪಾಠಶಾಲೆಗಳ ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡುವ ಪ್ರಹಸನಗಳಲ್ಲಿ ಕಿವಿ ಕೇಳದ ಅಜ್ಜನ ಪಾತ್ರವೂ ತೊದಲುವ ಸೇವಕನ ಪಾತ್ರವೂ ಸುಲಭವಾಗಿ ಚಪ್ಪಾಳೆ ಗಿಟ್ಟಿಸುತ್ತವೆ. ಪ್ರೇಕ್ಷಕರ ನಡುವೆ ನಿಜಕ್ಕೂ ತೊದಲುವ ಮಗುವೊಂದು ಕುಳಿತಿರಬಹುದೆಂದು ನಾಟಕ ಕಲಿಸಿದವರು ಯೋಚಿಸಿರುವುದಿಲ್ಲ. ಅವಸರ, ಅಣಕಗಳಿಂದ ತೊದಲು ಹೆಚ್ಚುತ್ತದೆ. ಅಂತಹ ಮಗು ಕಷ್ಟದ ಪದವನ್ನು ಬಿಟ್ಟು ಅದೇ ಅರ್ಥದ ಬೇರೊಂದು ಪದವನ್ನು ಹುಡುಕುವುದನ್ನು ಬೇಗ ಕಲಿಯುತ್ತದೆ. ಹೀಗೆ ಬದಲಾಯಿಸಲಾಗದ ಪದವೆಂದರೆ ತನ್ನ ಹೆಸರು. ಬಹುಮಾನ ವಿತರಣೆಯ ಹೊತ್ತಿಗೆ ವೇದಿಕೆಯ ಮೇಲೆ ಧ್ವನಿವರ್ಧಕವನ್ನು ಮುಂದೆ ಹಿಡಿದು, ‘ಹೆಸರೇನು ಮಗು?’ ಎಂದು ಅತಿಥಿಗಳು ಕೇಳುವುದು ಅದನ್ನೇ.