ಕಾಯಿಲನ್ನು ಬಿಸಿಯಲ್ಲೇ ನೋಡಬೇಕು

ಹುಣಸೂರು ರಸ್ತೆಯಲ್ಲಿ ಬಿಳಿಕೆರೆ ದಾಟುತ್ತಿದ್ದಂತೆ ನನ್ನ ಜಾವಾ ನಿಂತಿತು. ಮೈಸೂರಿನಿಂದ ಒಂದೇ ಸಮನೆ ಓಡಿ ಬಂದ ಗಾಡಿ ಎರಡು ಸಲ ಮುಗ್ಗರಿಸಿ ಸುಮ್ಮನಾಯಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಪ್ಲಗ್ ಹೊಸದು. ಕಿಕ್ ಹೊಡೆದು ಹೊಡೆದು ಕಾಲು ಸೋತಿತು. ನೆರಳಿಗೆ ತಳ್ಳಿ ಇಪ್ಪತ್ತು ನಿಮಿಷ ಕೂತೆ. ಆಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್! ಹುಣಸೂರು ಮುಟ್ಟುವ ಮೊದಲು ಮತ್ತೆ ಅದೇ ಕತೆ.

ಹಳೆಯ ಗಾಡಿ ಸಾಕಿದವರಿಗೆ ಈ ಕಾಯಿಲೆ ಗೊತ್ತು. ತಣ್ಣಗಿದ್ದಾಗ ಓಡುತ್ತದೆ, ಕಾದಾಗ ನಿಲ್ಲುತ್ತದೆ, ಆರಿದರೆ ಮತ್ತೆ ಎದ್ದು ಕೂರುತ್ತದೆ. ಮಾರನೆಯ ದಿನ ಗ್ಯಾರೇಜಿಗೆ ಒಯ್ದು ಮೀಟರ್ ಹಿಡಿಸಿದೆ. ಕಾಯಿಲ್ ಸರಿಯಾಗೇ ಇದೆ ಎಂದಿತು ಮೀಟರ್. ನಮ್ಮ ಮೆಕಾನಿಕ್ ಮೀಟರ್ ಬದಿಗಿಟ್ಟು ಹೇಳಿದರು: "ತಣ್ಣಗಾದ್ಮೇಲೆ ತಂದ್ರೆ ಏನ್ ಗೊತ್ತಾಗತ್ತೆ ಸರ್? ಜ್ವರ ಇಳಿದ್ಮೇಲೆ ಡಾಕ್ಟರ್ ಹತ್ರ ಹೋದಂಗೆ. ಓಡ್ಸಿ, ನಿಂತ ತಕ್ಷಣ ಕರೆಂಟ್ ನೋಡಿ." ಇಗ್ನಿಷನ್ ಕಾಯಿಲ್ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನಿಂದ ಶುರುವಾಯಿತು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಆ ಮೊದಮೊದಲ ಜಾವಾಗಳಿಗೆ 6 ವೋಲ್ಟ್ ಬ್ಯಾಟರಿ. ಆದರೆ ಪ್ಲಗ್ಗಿನ ಸಂದಿಯಲ್ಲಿ, ಅದೂ ಒತ್ತಿ ಹಿಡಿದ ಗ್ಯಾಸಿನ ನಡುವೆ, ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. 6ನ್ನು ಅಷ್ಟು ಎತ್ತರಕ್ಕೆ ಏರಿಸುವುದೇ ಕಾಯಿಲಿನ ಕೆಲಸ. ಒಳಗೆ ಕಬ್ಬಿಣದ ತಿರುಳು. ಅದರ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಪಾಯಿಂಟ್, ಅಂದರೆ ಇಂಜಿನ್ ತಿರುಗಿದಂತೆ ಬಿಚ್ಚಿ ಮುಚ್ಚುವ ಸ್ವಿಚ್ಚು, ಮುಚ್ಚಿದ್ದಾಗ ದಪ್ಪ ತಂತಿಯಲ್ಲಿ ಕರೆಂಟ್ ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಪಾಯಿಂಟ್ ಬಿಚ್ಚಿಕೊಂಡ ಕ್ಷಣ ಆ ಕಾಂತಶಕ್ತಿ ಕುಸಿಯುತ್ತದೆ. ಆ ಕುಸಿತವೇ ತೆಳು ತಂತಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕಿದ ಒತ್ತಡ ಎಬ್ಬಿಸುತ್ತದೆ. ಟೂ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಕಿಡಿ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ ದಶಕಗಟ್ಟಲೆ ಹೀಗೆ ದುಡಿಯುತ್ತದೆ ಎನ್ನುವುದೇ ನನಗೆ ಇವತ್ತಿಗೂ ಬೆರಗು.

ಆ ತೆಳು ತಂತಿಗಿರುವ ರಕ್ಷಣೆ ಒಂದು ಪದರ ಎನಾಮಲ್, ನಡುನಡುವೆ ಕಾಗದ. ವಯಸ್ಸಾದಂತೆ ಅದು ಎಲ್ಲೋ ಬಿರುಕು ಬಿಡುತ್ತದೆ. ಕಾದು ತಂತಿ ಹಿಗ್ಗಿದಾಗ ಆ ಬಿರುಕಿನಲ್ಲೇ ಕರೆಂಟ್ ಸೋರಿಹೋಗುತ್ತದೆ, ಪ್ಲಗ್ಗಿನವರೆಗೆ ಬರುವುದಿಲ್ಲ. ತಣ್ಣಗಾದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಪುಟ್ಟ ಬ್ಯಾಟರಿಯ ಮೀಟರಿಗೆ ಈ ಸೋರಿಕೆ ಕಾಣದು.

ಆದರೆ ಪಾಯಿಂಟ್ ಬಿಚ್ಚುವಾಗ ಅಲ್ಲೇ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರೂ ಲಕ್ಷಣ ಇದೇ. ಹಾಗಾಗಿ ಮುಂದಿನ ಭಾನುವಾರ ಒಂದು ಹೊಸ ಕಂಡೆನ್ಸರ್, ಕ್ಲಿಪ್ಪಿನ ವೈರು, ಪ್ಲಗ್ ಸ್ಪ್ಯಾನರ್ ಜೇಬಿಗಿಟ್ಟು ಅದೇ ರಸ್ತೆ ಹಿಡಿದೆ. ಗಾಡಿ ನಿಂತ ಕೂಡಲೇ ಪ್ಲಗ್ ಬಿಚ್ಚಿ, ಪ್ಲಗ್ ತೂತಿನಿಂದ ದೂರಕ್ಕೆ ಇಂಜಿನ್ ಮೈಗೆ ತಾಗಿಸಿಟ್ಟು ಕಿಕ್ ಹೊಡೆದೆ. ನೂಲಿನಷ್ಟು ಸಣ್ಣ, ಕೆಂಪಗಿನ ಕಿಡಿ. ಹಳೆಯ ಕಂಡೆನ್ಸರಿನ ವೈರು ಕಳಚಿ ಹೊಸದನ್ನು ಸಿಕ್ಕಿಸಿದೆ. ಆಗಲೂ ಅದೇ ಕೆಂಪು. ಅಲ್ಲಿಗೆ ಕಂಡೆನ್ಸರ್ ನಿರಪರಾಧಿ, ದೋಷ ಕಾಯಿಲಿನದೇ. ಪ್ಲಗ್ ವೈರನ್ನು ಮಾತ್ರ ಎಂದೂ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬಾರದು. ಹೊರಗೆ ದಾರಿ ಸಿಗದ ಕರೆಂಟ್ ಕಾಯಿಲಿನ ಒಳಗೇ ದಾರಿ ಕೊರೆಯುತ್ತದೆ.

ರಿಪೇರಿ ಆಗುವುದು ಕಾಯಿಲಿನ ಹೊರಗಿನದು ಮಾತ್ರ. ಒಣಗಿ ಸೀಳಿದ ಪ್ಲಗ್ ವೈರು ಬದಲಿಸಬಹುದು, ಹಸಿರು ಹಿಡಿದ ಟರ್ಮಿನಲ್ ಉಜ್ಜಬಹುದು. ಮೊದಲು ಅಷ್ಟನ್ನು ಮಾಡಿ. ಒಳಗಿನ ಸುತ್ತು ಹೋದರೆ ಹೊಸದೇ ಗತಿ. ಆಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 'ಇದೂ ಕೂರತ್ತೆ ಸರ್' ಎಂದು ಯಾವುದನ್ನು ಕೊಟ್ಟರೂ ತರಬೇಡಿ. 12 ವೋಲ್ಟಿನ ಕಾಯಿಲ್ 6 ವೋಲ್ಟಿನಲ್ಲಿ ಬಡಕಲು ಕಿಡಿ ಕೊಡುತ್ತದೆ. ಪಾಯಿಂಟ್ ಇಲ್ಲದ ಸಿಡಿಐ ಗಾಡಿಯ ಕಾಯಿಲಿಗೆ ತಡೆ ತೀರಾ ಕಡಿಮೆ. ಅದನ್ನು ಹಾಕಿದರೆ ಪಾಯಿಂಟ್ ಸುಟ್ಟುಹೋಗುತ್ತದೆ. ಹಳೆಯ ಕಾಯಿಲನ್ನೇ ಅಂಗಡಿಗೆ ಒಯ್ಯಿರಿ, ಎರಡರ ತಡೆಯನ್ನೂ ಪಕ್ಕಪಕ್ಕದಲ್ಲೇ ಅಳೆಸಿ. ಟರ್ಮಿನಲ್ ಮೇಲೆ 15 ಎಂದಿದ್ದರೆ ಸ್ವಿಚ್ಚಿನಿಂದ ಬರುವ ವೈರು ಅದಕ್ಕೆ, 1 ಎಂದಿದ್ದರೆ ಪಾಯಿಂಟಿನದು. ಅದಲುಬದಲಾದರೂ ಗಾಡಿ ಓಡುತ್ತದೆ, ಆದರೆ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ಏದುಸಿರು ಬಿಡಬೇಕು.

ಇನ್ನೊಂದು ಕಿವಿಮಾತು. ಇಂಜಿನ್ ನಿಂತ ಮೇಲೆ ಕೀ ಆನ್ ಇಟ್ಟು ಮಾತಿಗೆ ನಿಲ್ಲಬೇಡಿ. ಪಾಯಿಂಟ್ ಮುಚ್ಚಿದ್ದರೆ, ತಡೆ 1.5 ಓಮ್ ಇರುವ ಕಾಯಿಲಿನಲ್ಲಿ 4 ಆಂಪಿಯರ್ ಸುಮ್ಮನೆ ಹರಿಯುತ್ತಿರುತ್ತದೆ. 24 ವಾಟ್ ಶಾಖ! ಕಾಯಿಲ್ ಒಳಗೊಳಗೇ ಬೇಯುವುದು ಹೀಗೆ.

ಹೊಸ ಕಾಯಿಲ್ ಹಾಕಿದ ದಿನ ಮನೆ ಮುಂದೆ ಸ್ಟಾರ್ಟ್ ಆಯಿತೆಂದು ನಾನು ನಂಬಲಿಲ್ಲ. ಬಿಸಿಲು ಏರುವುದನ್ನೇ ಕಾದು ಹೊರಟೆ. ಬಿಳಿಕೆರೆಯಲ್ಲಿ ನಾನೇ ನಿಲ್ಲಿಸಿ ಕಾಯಿಲಿಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು, ಕೈ ಸುಡಲಿಲ್ಲ. ಪ್ಲಗ್ ಬಿಚ್ಚಿ ಕಿಕ್ ಹೊಡೆದೆ. ಹಾಡುಹಗಲಲ್ಲೂ ಕಣ್ಣಿಗೆ ಹೊಡೆಯುವ ನೀಲಿ ಕಿಡಿ, 'ಚಟ್' ಎಂಬ ಸದ್ದು. ಪ್ಲಗ್ ಬಿಗಿದು, ಮತ್ತೆಲ್ಲೂ ನಿಲ್ಲದೆ ಹುಣಸೂರು ಮುಟ್ಟಿದೆ.