ಕಲಿಸುವವರ ಹೆಸರುಗಳು: ಇಂಗ್ಲಿಷ್ ಶಬ್ದಪ್ರಯೋಗದಲ್ಲಿ ಔಚಿತ್ಯ

ಒಂದೇ ಅರ್ಥದ ಎರಡು ಶಬ್ದಗಳು ಒಂದು ಭಾಷೆಯಲ್ಲಿ ಬಹುಕಾಲ ಜೊತೆಯಾಗಿ ಬಾಳುವುದು ಅಪರೂಪ. ಅವುಗಳಲ್ಲಿ ಒಂದು ಬಿದ್ದುಹೋಗುತ್ತದೆ, ಇಲ್ಲವೆ ಎರಡೂ ಅರ್ಥವನ್ನು ಪಾಲು ಮಾಡಿಕೊಂಡು ಬೇರೆ ಬೇರೆ ಮನೆ ಹೂಡುತ್ತವೆ. ಟೀಚರ್, ಟ್ಯೂಟರ್, ಇನ್‌ಸ್ಟ್ರಕ್ಟರ್, ಟ್ರೇನರ್, ಕೋಚ್, ಮೆಂಟರ್, ಲೆಕ್ಚರರ್, ಪ್ರೊಫೆಸರ್ ಎಂಬ ಇಂಗ್ಲಿಷ್ ಶಬ್ದಗಳು ಹೀಗೆ ಪಾಲಾದ ಕುಟುಂಬಕ್ಕೆ ಸೇರಿದವು. ಇವನ್ನು ಕನ್ನಡಕ್ಕೆ ತರುವಾಗ ‘ಶಿಕ್ಷಕ’ ಎಂಬ ಒಂದೇ ಮಾತಿನಿಂದ ತೀರಿಸಿಬಿಡುವುದೂ, ಇಂಗ್ಲಿಷಿನಲ್ಲಿ ಬರೆಯುವಾಗ ಕೈಗೆ ಸಿಕ್ಕಿದುದನ್ನು ಎತ್ತಿಕೊಳ್ಳುವುದೂ ರೂಢಿಯಾಗಿದೆ. ಹೊರನಾಡಿನ ಕನ್ನಡಿಗನಿಗಂತೂ ಈ ತೊಡಕು ನಿತ್ಯದ್ದು. ತನ್ನ ಗುರುಗಳನ್ನಾಗಲಿ, ತನ್ನ ಸಂಘದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಮೇಷ್ಟ್ರನ್ನಾಗಲಿ ಆತನು ಪರಭಾಷಿಕರಿಗೆ ಪರಿಚಯಿಸಬೇಕಾದುದು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ. ಕಾವ್ಯದ ಜೀವವು ಔಚಿತ್ಯದಲ್ಲಿದೆಯೆಂದು ಸಾಧಿಸಿದ 11ನೆಯ ಶತಮಾನದ ಕ್ಷೇಮೇಂದ್ರನು ತನ್ನ ವಿಚಾರವನ್ನು ಪದದಿಂದಲೇ ಆರಂಭಿಸಿದನು. ವ್ಯವಹಾರದ ಗದ್ಯಕ್ಕೂ ಆ ಮಾತು ಸಲ್ಲತಕ್ಕುದೇ.

ಕಲಿಸುವವರಲ್ಲಿ ಭೇದವೆಣಿಸುವುದು ಈ ದೇಶಕ್ಕೆ ಹೊಸದಲ್ಲ. ಮನುಸ್ಮೃತಿಯ 2ನೆಯ ಅಧ್ಯಾಯದ ಪ್ರಕಾರ, ಉಪನಯನ ಮಾಡಿ ಕಲ್ಪ ರಹಸ್ಯಗಳೊಡನೆ ವೇದವನ್ನು ಕಲಿಸುವವನು ಆಚಾರ್ಯ. ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಜೀವನೋಪಾಯಕ್ಕಾಗಿ ಹೇಳಿಕೊಡುವವನು ಉಪಾಧ್ಯಾಯ. ಹತ್ತು ಮಂದಿ ಉಪಾಧ್ಯಾಯರಿಗಿಂತ ಒಬ್ಬ ಆಚಾರ್ಯನು ಹಿರಿಯನೆಂಬ ಲೆಕ್ಕವೂ ಅಲ್ಲಿದೆ. ಲೋಕವು ಈ ಲೆಕ್ಕಕ್ಕೆ ಕಟ್ಟುಬೀಳಲಿಲ್ಲ. ಕೂಲಿಯ ವಾಸನೆಯಿದ್ದ ‘ಉಪಾಧ್ಯಾಯ’ ಶಬ್ದವು ಕನ್ನಡದಲ್ಲಿ ಗೌರವದ ಮಾತಾಯಿತು. ಅದರ ತದ್ಭವವೆನ್ನಲಾಗುವ ‘ಓಜ’ವು ಕಮ್ಮಟಕ್ಕೂ ಶಿಲ್ಪಶಾಲೆಗೂ ಇಳಿದು ಅಲ್ಲಿ ಕೀರ್ತಿಯನ್ನು ಪಡೆಯಿತು; ಬೇಲೂರಿನ ಗುಡಿಯಲ್ಲಿ ಕೆಲಸಮಾಡಿದ ಬಳ್ಳಿಗಾವೆಯ ದಾಸೋಜನ ಹೆಸರಿನ ಕೊನೆಯಲ್ಲಿ ನಿಂತಿರುವುದು ಅದೇ ಶಬ್ದ. ಶಬ್ದದ ಮೂಲವು ಅದರ ಬೆಲೆಯನ್ನು ಸಂಪೂರ್ಣವಾಗಿ ನಿರ್ಣಯಿಸಲಾರದು. ಆದರೆ ಬೆಲೆ ಎಲ್ಲಿಂದ ಹೊರಟಿತೆಂಬುದನ್ನು ಮೂಲವೇ ತಿಳಿಸಬೇಕು.

ಇಂಗ್ಲಿಷ್ ಶಬ್ದಗಳಲ್ಲಿ ಒಂದು ಗುಂಪು ಹುದ್ದೆಯನ್ನು ಹೇಳುತ್ತದೆ. ಪ್ರೊಫೆಸರ್ ಎಂದರೆ ಮೂಲತಃ ತನ್ನ ವಿದ್ಯೆಯನ್ನು ಬಹಿರಂಗವಾಗಿ ಸಾರುವವನು. ಲೆಕ್ಚರರ್ ಎಂದರೆ ಓದಿ ಹೇಳುವವನು. ಬ್ರಿಟನ್ನಿನಲ್ಲಿ ಪ್ರೊಫೆಸರ್ ಎಂಬುದು ಪೀಠವನ್ನೇರಿದ ಕೆಲವರಿಗೆ ಮೀಸಲಾಗಿ ಬಂದಿತು. ಅಮೆರಿಕದಲ್ಲಿ ಅದು ಕಾಲೇಜಿನ ಅಧ್ಯಾಪಕರಿಗೆಲ್ಲ ಹಬ್ಬಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿಯಿಂದ ಭಾರತದಲ್ಲಿಯೂ ಲೆಕ್ಚರರ್, ರೀಡರ್ ಎಂಬ ಬ್ರಿಟಿಷ್ ಪದ್ಧತಿಯ ಹೆಸರುಗಳು ಸರಿದು ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್ ಎಂಬವು ಬಂದವು. ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ನೇಮಕದ ಆದೇಶದಲ್ಲಿದ್ದುದೇ ಸರಿ. ಹಿರಿಯರೆಂಬ ಗೌರವಕ್ಕಾಗಿ ಎಲ್ಲರನ್ನೂ ಪ್ರೊಫೆಸರ್ ಎನ್ನುವುದು ಸೌಜನ್ಯವಾದೀತು, ನಿಷ್ಕೃಷ್ಟತೆಯಾಗದು.

ನಿಜವಾದ ವಿವೇಚನೆ ಬೇಕಾದುದು ಸಂಬಂಧವನ್ನು ಹೇಳುವ ಎರಡನೆಯ ಗುಂಪಿನಲ್ಲಿ. ಟ್ಯೂಟರ್ ಎಂಬುದು ಕಾಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ರೋಮಿನ ಕಾನೂನಿನಲ್ಲಿ ಅವನು ತಂದೆಯಿಲ್ಲದ ಎಳೆಯರ ಪಾಲಕ. ಒಬ್ಬಿಬ್ಬರನ್ನು ಹತ್ತಿರ ಕೂರಿಸಿಕೊಂಡು ಅವರ ಹೊಣೆಹೊತ್ತು ಕಲಿಸುವುದು ಈ ಶಬ್ದದ ಉಳಿದ ತಿರುಳು. ಐವತ್ತು ಮಕ್ಕಳ ‘ಟ್ಯೂಷನ್’ ನಡೆಸುವವನಿಗೆ ಈ ಹೆಸರು ಒಪ್ಪುವುದಿಲ್ಲ.

ಕೋಚ್ ಶಬ್ದದ ಪ್ರಯಾಣ ಇನ್ನೂ ಸ್ವಾರಸ್ಯವಾದುದು. ಹಂಗೇರಿಯ ಕೋಚ್ ಎಂಬ ಹಳ್ಳಿಯ ಹೆಸರಿನಿಂದ ಬಂಡಿಗೆ ಆ ಹೆಸರು ಬಂದಿತು. 19ನೆಯ ಶತಮಾನದ ಇಂಗ್ಲಿಷ್ ವಿದ್ಯಾರ್ಥಿಗಳು ಪರೀಕ್ಷೆಯೆಂಬ ಹೊಳೆಯನ್ನು ದಾಟಿಸುವ ಖಾಸಗಿ ಬೋಧಕನನ್ನು ಹಾಸ್ಯಕ್ಕಾಗಿ ಬಂಡಿಯೆಂದು ಕರೆದರು. ಕೇಂಬ್ರಿಜ್ಜಿನ ಎಡ್ವರ್ಡ್ ರೌತ್ ಇಂತಹ ಕೋಚ್‌ಗಳ ಶಿರೋಮಣಿ. 1854ರ ಗಣಿತ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್ಲನನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ತಾನು ಮೊದಲಿಗನಾದವನು, ಮುಂದೆ 25ಕ್ಕೂ ಮಿಕ್ಕು ಶಿಷ್ಯರನ್ನು ಅದೇ ಮೊದಲ ಸ್ಥಾನಕ್ಕೆ ಏರಿಸಿದನು. ಆದರೂ ಬಂಡಿಯ ಧರ್ಮವನ್ನು ಮರೆಯುವಂತಿಲ್ಲ: ಊರು ಮುಟ್ಟಿದೊಡನೆ ಪ್ರಯಾಣಿಕನು ಇಳಿದುಹೋಗುತ್ತಾನೆ. ಕೋಚಿಂಗ್ ಕ್ಲಾಸಿನ ಗುಣವೂ ಮಿತಿಯೂ ಈ ಹೋಲಿಕೆಯಲ್ಲಿಯೇ ಅಡಗಿವೆ. ಕ್ರೀಡೆಯಲ್ಲಿ ಮಾತ್ರ ಶಬ್ದವು ಎತ್ತರಕ್ಕೇರಿತು. ಭಾರತ ಸರಕಾರವು 1985ರಲ್ಲಿ ಕೋಚ್‌ಗಳಿಗಾಗಿ ಸ್ಥಾಪಿಸಿದ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರನ್ನಿಟ್ಟಿತು. ಬಂಡಿಯು ಹೀಗೆ ಆಚಾರ್ಯಪದವಿಯನ್ನು ಪಡೆಯಿತು.

ಇಂದು ಕಂಡಕಂಡಲ್ಲಿ ಬಳಕೆಯಾಗುವ ಮೆಂಟರ್ ಹೋಮರನ ಕಾವ್ಯದ ಪಾತ್ರ. ಯುದ್ಧಕ್ಕೆ ಹೊರಟ ಒಡಿಸ್ಯೂಸನು ಮನೆವಾರ್ತೆಯನ್ನು ಈ ಗೆಳೆಯನಿಗೆ ಒಪ್ಪಿಸುತ್ತಾನೆ. ಮಗ ಟೆಲಿಮಾಕಸನಿಗೆ ಮುಂದೆ ದಾರಿ ತೋರುವವಳು ಮೆಂಟರನ ರೂಪು ತಾಳಿದ ಅಥೀನಾ ದೇವಿ. ಮಾನವ ಮೆಂಟರನ ಪಾಲು ಅಲ್ಪವೇ. ಈ ಹೆಸರನ್ನು ಯೂರೋಪಿನಲ್ಲಿ ಮನೆಮಾತಾಗಿಸಿದುದು 1699ರಲ್ಲಿ ಪ್ರಕಟವಾದ ಫೆನೆಲೋನನ ಫ್ರೆಂಚ್ ಕಥೆ. ಫೆನೆಲೋನನಾದರೋ 14ನೆಯ ಲೂಯಿಯ ಮೊಮ್ಮಗನಿಗೆ ಪಾಠಹೇಳಿದವನು. ಪಾಠವನ್ನು ಮೀರಿ ಬಾಳಿನ ಜೊತೆಗೆ ನಿಲ್ಲುವ ಹಿರಿತನವೇ ಈ ಶಬ್ದದ ಜೀವ. ಕಚೇರಿಯ ಸುತ್ತೋಲೆಯೊಂದರಿಂದ ಆರು ತಿಂಗಳ ಮಟ್ಟಿಗೆ ನೇಮಕವಾದವನಿಗೆ ಆ ಹೆಸರು ಬರಿಯ ಅಲಂಕಾರ.

ಇನ್‌ಸ್ಟ್ರಕ್ಟರ್, ಟ್ರೇನರ್ ಎಂಬವು ನಿಶ್ಚಿತ ಕೌಶಲಕ್ಕೆ ಸೇರಿದವು: ಈಜು, ಕವಾಯತು, ಯಂತ್ರ, ಲೆಕ್ಕಪತ್ರ. ಕನ್ನಡದ ‘ತರಬೇತು’ ಮೂಲದ ಅರಬ್ಬಿಯಲ್ಲಿ ಪೋಷಣೆಯ ಮಾತು. ಇಂದು ಅದೂ ಕೌಶಲಕ್ಕೇ ಸಂಕುಚಿತವಾಗಿದೆ.

ಶಬ್ದದ ಅನೌಚಿತ್ಯವು ಕಿವಿಗೆ ಮಾತ್ರ ಕಟುವಾದರೆ ಕ್ಷಮಿಸಬಹುದು. ಅದು ಅನ್ಯಾಯವನ್ನು ಮರೆಸಿದರೆ ಕ್ಷಮಿಸಲಾಗದು. ಫ್ಯಾಕಲ್ಟಿ ಎಂಬುದು ಅಧ್ಯಾಪಕರ ಸಮೂಹದ ಹೆಸರು. ಭಾರತದ ಇಂಗ್ಲಿಷಿನಲ್ಲಿ ಅದು ಒಬ್ಬ ವ್ಯಕ್ತಿಗೂ ಅಂಟಿಕೊಂಡಿದೆ. ಅದರ ಹಿಂದೆ ‘ಗೆಸ್ಟ್’ ಸೇರಿದಾಗ ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪು ಆಗುತ್ತದೆ. ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳ ‘ಅತಿಥಿ ಉಪನ್ಯಾಸಕ’ರಲ್ಲಿ ಅನೇಕರು ವರ್ಷವರ್ಷವೂ ಅತಿಥಿಗಳಾಗಿಯೇ ದುಡಿದು, ಭದ್ರತೆಗಾಗಿ ಬೀದಿಗಿಳಿದು ಕೇಳಬೇಕಾಯಿತು. ತಿಥಿ ನೋಡದೆ ಬಂದು ಹೋಗುವವನು ಅತಿಥಿ. ದಿನವೂ ಗಂಟೆಗೆ ಸರಿಯಾಗಿ ಬಂದು ಪಾಠಹೇಳುವವನು ಯಾವ ನಿಘಂಟಿನಲ್ಲಿ ಅತಿಥಿಯಾದಾನು? ಸತ್ಕಾರದ ಮಾತಿನಿಂದ ಸಂಬಳದ ಕೊರತೆಯನ್ನು ಮುಚ್ಚಿದಂತಾಯಿತು.

ಉಳಿದುದು ಎಲ್ಲಕ್ಕಿಂತ ಸರಳವಾದ ಟೀಚರ್. ಹಳೆಯ ಇಂಗ್ಲಿಷಿನಲ್ಲಿ ಈ ಧಾತುವಿಗೆ ತೋರಿಸುವುದು ಎಂದು ಅರ್ಥ. 1887ರ ಮಾರ್ಚಿನಲ್ಲಿ ಇಪ್ಪತ್ತು ವರ್ಷದ ಆ್ಯನ್ ಸಲಿವನ್, ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಿದ್ದ ಹೆಲೆನ್ ಕೆಲರಳ ಮನೆಗೆ ಬಂದಳು. ಒಬ್ಬಳನ್ನೇ ಕಾದುಕೊಂಡಿದ್ದುದರಿಂದ ಆಕೆ ಟ್ಯೂಟರ್. ಬೆರಳಿನ ಅಕ್ಷರಗಳನ್ನು ಅಭ್ಯಾಸ ಮಾಡಿಸಿದುದರಿಂದ ಇನ್‌ಸ್ಟ್ರಕ್ಟರ್. 1936ರಲ್ಲಿ ತೀರಿಕೊಳ್ಳುವವರೆಗೆ ಜೊತೆಗಿದ್ದುದರಿಂದ ಮೆಂಟರ್. ಆದರೆ 1955ರಲ್ಲಿ ಆಕೆಯನ್ನು ಕುರಿತು ಗ್ರಂಥ ಬರೆದ ಶಿಷ್ಯೆ ಅದಕ್ಕಿಟ್ಟ ಹೆಸರು ‘ಟೀಚರ್’. ಕಾಣಲಾರದವಳಿಗೆ ತೋರಿಸಿಕೊಟ್ಟವಳಿಗೆ ಇದಕ್ಕಿಂತ ತಕ್ಕ ಶಬ್ದವಿಲ್ಲ. 1922ರಲ್ಲಿ ಇಂಗ್ಲಿಷ್ ಕವಿತೆಗಳ ಪುಸ್ತಿಕೆಯನ್ನು ಪ್ರಕಟಿಸಿದ್ದ ತರುಣ ಕುವೆಂಪು ಅವರಿಗೆ ತಾಯ್ನುಡಿಯಲ್ಲಿ ಬರೆಯಿರೆಂದು ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಯಾವ ಹೆಸರು? ಅವರು ತರಗತಿಯಲ್ಲಿ ಪಾಠಹೇಳಲಿಲ್ಲ, ಜೊತೆಗೆ ನಡೆಯಲೂ ಇಲ್ಲ, ದಾರಿಯನ್ನು ತೋರಿಸಿದರು. ಹುದ್ದೆಯಿಂದಲ್ಲ, ಧಾತ್ವರ್ಥದಿಂದ ಅವರೂ ಟೀಚರ್.

ಆದುದರಿಂದ ಶಬ್ದವನ್ನು ಆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ: ಕಲಿಸುವುದು ಏನನ್ನು? ಎಷ್ಟು ಮಂದಿಗೆ? ಹೊಣೆ ಎಲ್ಲಿಯವರೆಗೆ? ಹೊರನಾಡಿನ ಸಂಘಗಳು ತಮ್ಮ ಇಂಗ್ಲಿಷ್ ವರದಿಗಳಲ್ಲಿ, ರಜೆಯ ದಿನ ಸಂಬಳವಿಲ್ಲದೆ ಅಕ್ಷರ ಕಲಿಸುವವರನ್ನು ಇನ್‌ಸ್ಟ್ರಕ್ಟರ್ ಎಂದು ನಮೂದಿಸಲು ತೊಡಗಿದರೆ, ಕನ್ನಡವೂ ಈಜಿನಂತೆ ಒಂದು ಕೌಶಲವೆಂದು ಒಪ್ಪಿದಂತಾದೀತು. ಮನೆಯ ಹೊರಗೆ ಕನ್ನಡದ ಒಂದು ಫಲಕವನ್ನೂ ಕಾಣದ ಮಗುವಿಗೆ ಅವರು ತೋರಿಸುತ್ತಿರುವುದು ಅದರ ಅಜ್ಜಿಯ ಮಾತಿನ ಲಿಪಿಯನ್ನು. ಸಂಬಳವಿಲ್ಲವೆಂಬ ಕಾರಣಕ್ಕೆ ಅವರ ಹೆಸರನ್ನು ಇಳಿಸಬೇಕಾದುದಿಲ್ಲ. ವರದಿಯಲ್ಲಿ ಅವರು ಟೀಚರ್ ಎಂದೇ ಇರಲಿ.