ಗಾರ್ಡ್ ಕಳಚಿದ ಗ್ರೈಂಡರ್

ತಾರಸಿಗೊಂದು ಗಿಡದ ಸ್ಟ್ಯಾಂಡ್, ಬಾಲ್ಕನಿಗೊಂದು ಜಿಐ ಪೈಪಿನ ಚೌಕಟ್ಟು ಎಂದು ಮನೆಯಲ್ಲೇ ಕಬ್ಬಿಣ ಕತ್ತರಿಸಲು ಹೊರಟವರು ಮೊದಲು ಕೊಳ್ಳುವುದು ನಾಲ್ಕು ಇಂಚಿನ ಆಂಗಲ್ ಗ್ರೈಂಡರನ್ನು. ಬೆಲೆ ಕೈಗೆಟುಕುತ್ತದೆ, ಡಿಸ್ಕ್ ಬದಲಿಸಿದರೆ ಕಬ್ಬಿಣವೂ ಸೈ, ಟೈಲ್ಸೂ ಸೈ. ಯಂತ್ರ ನಿಜಕ್ಕೂ ಒಳ್ಳೆಯದು. ನನ್ನ ತಕರಾರು ಅದನ್ನು ಬಳಸುವ ರೂಢಿಯ ಬಗ್ಗೆ. ಪೆಟ್ಟಿಗೆಯಿಂದ ತೆಗೆದ ದಿನವೇ ಗಾರ್ಡ್ ಕಳಚಿ ಮೂಲೆಗಿಡುವುದು ನಮ್ಮಲ್ಲಿ ಅನುಭವದ ಗುರುತಾಗಿಬಿಟ್ಟಿದೆ.

ಆ ಗಾರ್ಡ್ ತಡೆಯುವುದು ಏನನ್ನು? 100 ಮಿ.ಮೀ. ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಕಟಿಂಗ್ ಡಿಸ್ಕಿನ ದಪ್ಪವೋ ಒಂದು ಮಿ.ಮೀ. ಆಸುಪಾಸು. ಅಂಟಿನಲ್ಲಿ ಕಟ್ಟಿದ ಉಜ್ಜುಹರಳು, ಒಳಗೆ ಫೈಬರ್‌ಗ್ಲಾಸ್ ಜಾಲರಿ, ಅಷ್ಟೇ. ನೇರವಾಗಿ ಇಳಿದರೆ ಕಬ್ಬಿಣವನ್ನೇ ಸೀಳುತ್ತದೆ, ಪಕ್ಕಕ್ಕೆ ತಿರುಚಿದರೆ ಒಡೆದು ಚೂರಾಗುತ್ತದೆ. ಆ ಚೂರಿಗೂ ಹಿಡಿದವರ ಮುಖಕ್ಕೂ ನಡುವೆ ಇರುವುದು ಗಾರ್ಡ್ ಮಾತ್ರ. ಅನೇಕ ಯಂತ್ರಗಳ ಜೊತೆ ಉಜ್ಜುವ ಕೆಲಸದ ಗಾರ್ಡ್ ಮಾತ್ರ ಬರುತ್ತದೆ. ಕತ್ತರಿಸಲು ಡಿಸ್ಕಿನ ಎರಡೂ ಬದಿ ಮುಚ್ಚುವ ಗಾರ್ಡ್ ಬೇಕು, ಅದನ್ನು ಕೇಳಿ ಕೊಳ್ಳಬೇಕು. ಗೆರೆ ಕಾಣುವುದಿಲ್ಲ, ಮೂಲೆಗೆ ಹೋಗುವುದಿಲ್ಲ ಎಂಬ ಕಾರಣಗಳು ಸುಳ್ಳಲ್ಲ. ಹಾಗಿದ್ದಾಗ ಕೋನ ಬದಲಿಸಬೇಕು, ಇಲ್ಲವೇ ಬೇರೆ ಯಂತ್ರ ಹಿಡಿಯಬೇಕು. ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಹಾಕುವುದಂತೂ ಎಂದೂ ಕೂಡದು. ಹಲ್ಲು ಕಚ್ಚಿಕೊಂಡ ಗಳಿಗೆಯಲ್ಲಿ ಯಂತ್ರ ಕೈಮೀರಿ ಹಾರುತ್ತದೆ.

ಗಾರ್ಡಿನಷ್ಟೇ ಮುಖ್ಯವಾದದ್ದು ಪೈಪನ್ನು ಇಟ್ಟ ರೀತಿ. ಎರಡು ಇಟ್ಟಿಗೆಗಳ ಮೇಲೆ ಪೈಪಿನ ಎರಡು ತುದಿ ಇಟ್ಟು ನಡುವೆ ಕೊಯ್ಯುವುದನ್ನು ಎಲ್ಲೆಡೆ ಕಾಣುತ್ತೇವೆ. ಕೊಯ್ತ ಆಳಕ್ಕಿಳಿದಂತೆ ಎರಡು ಅರ್ಧಗಳೂ ತಮ್ಮ ಭಾರಕ್ಕೆ ನಡುವೆ ಕುಸಿಯುತ್ತವೆ, ಸೀಳಿನ ಬಾಯಿ ಮುಚ್ಚಿಕೊಳ್ಳುತ್ತದೆ, ಡಿಸ್ಕ್ ಸಿಕ್ಕಿಬೀಳುತ್ತದೆ. ಮರುಕ್ಷಣವೇ ಯಂತ್ರ ಹಿಂದಕ್ಕೆ ಒದೆಯುತ್ತದೆ. ಚಪ್ಪಲಿಗಾಲಲ್ಲಿ ಪೈಪು ತುಳಿದು ಕೊಯ್ಯುವವರಿಗೆ ಆ ಒದೆತ ನೇರ ಕಾಲಿಗೇ. ಉಪಾಯ ಸರಳವಾಗಿದೆ: ಉಳಿಯಬೇಕಾದ ಭಾಗವನ್ನು ವೈಸ್‌ನಲ್ಲೋ ಸಿ-ಕ್ಲಾಂಪಿನಲ್ಲೋ ಬಿಗಿದು, ಬೀಳುವ ತುಂಡನ್ನು ಆಧಾರದ ಆಚೆ ಚಾಚಿಡಬೇಕು. ಆಗ ತುಂಡು ತೂಗಿದಷ್ಟೂ ಸೀಳು ಬಾಯಿ ತೆರೆಯುತ್ತದೆ. ಸೈಡ್ ಹ್ಯಾಂಡಲ್ ಹಾಕಿ ಎರಡೂ ಕೈಯಲ್ಲಿ ಹಿಡಿದು, ಡಿಸ್ಕಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತರೆ ಉಳಿದ ಅಪಾಯವೂ ಬಹುಪಾಲು ತಗ್ಗುತ್ತದೆ.

ನಮ್ಮ ಕರೆಂಟಿನ ಸ್ಥಿತಿ ಇನ್ನೊಂದು ಎಚ್ಚರ ಬೇಡುತ್ತದೆ. ಅಗ್ಗದ ಗ್ರೈಂಡರುಗಳ ಸ್ವಿಚ್ಚು ಮುಂದಕ್ಕೆ ತಳ್ಳಿದರೆ ಅಲ್ಲೇ ನಿಲ್ಲುವಂಥದ್ದು. ಕೆಲಸದ ನಡುವೆ ಕರೆಂಟು ಹೋಯಿತೆಂದು ಯಂತ್ರ ನೆಲಕ್ಕಿಟ್ಟು ಹೊರಟರೆ, ಕರೆಂಟು ಬಂದಾಗ ಅದು ತಾನಾಗಿ ತಿರುಗತೊಡಗುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ ಸ್ವಿಚ್ಚಿನ ಮಾದರಿಗೆ ಹೆಚ್ಚು ಹಣ ತೆರಬೇಕಾದರೂ ಅದು ದುಡ್ಡು ದಂಡವಲ್ಲ. ಡಿಸ್ಕ್ ಬದಲಿಸುವಾಗ ಪ್ಲಗ್ ಕಿತ್ತಿರಲೇಬೇಕು.

ಕಣ್ಣಿನ ವಿಷಯದಲ್ಲಿ ರಾಜಿ ಸಲ್ಲದು. ಓದುವ ಕನ್ನಡಕದ ಪಕ್ಕಗಳು ತೆರೆದೇ ಇರುತ್ತವೆ, ಹಾಗಾಗಿ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್ ಬೇಕು. ಕಣ್ಣಿನ ಕರಿಗುಡ್ಡೆಗೆ ಕಬ್ಬಿಣದ ಕಣ ಅಂಟಿದರೆ ಕೆಲವೇ ಗಂಟೆಗಳಲ್ಲಿ ಅದರ ಸುತ್ತ ತುಕ್ಕು ಕಟ್ಟಲು ಶುರುವಾಗುತ್ತದೆ. ಕರ್ಚೀಫಿನ ತುದಿಯಿಂದ ತೆಗೆಯಲು ಹೋಗದೆ ಕಣ್ಣಿನ ವೈದ್ಯರಲ್ಲಿಗೇ ಹೋಗಬೇಕು. ಜಿಐ ಪೈಪಿನ ಸತುವಿನ ಹೊಗೆ ಜ್ವರ ತರಿಸಬಲ್ಲದು, ಬಯಲಲ್ಲೇ ಕೊಯ್ಯಬೇಕು. ಪೆಟ್ರೋಲ್, ಥಿನ್ನರ್ ತುಂಬಿದ್ದ ಹಳೆಯ ಡ್ರಮ್ಮು ಖಾಲಿಯಾಗಿ ಕಂಡರೂ ಒಳಗಿನ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತದೆ. ಅದನ್ನು ಮನೆಯಲ್ಲಿ ಮುಟ್ಟಲೇಬಾರದು.

ಹಾಗಾದರೆ ಕೈಗೆ ಯಾವುದು ಬರಬೇಕು? ತಗಡಿಗೆ, ಅಲ್ಯೂಮಿನಿಯಂ ಸೆಕ್ಷನ್ನಿಗೆ ನನ್ನ ಮೊದಲ ಆಯ್ಕೆ ಜಿಗ್ ಸಾ. ಸಣ್ಣ ಹಲ್ಲಿನ ಬೈಮೆಟಲ್ ಬ್ಲೇಡು ಹಾಕಿ ವೇಗ ತಗ್ಗಿಸಿದರೆ ಕಿಡಿಯೇ ಇಲ್ಲವೆನ್ನುವಷ್ಟು ಕಡಿಮೆ. ಲೋಹದ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲು ಕೂರಬೇಕೆಂಬ ಹಳೆಯ ಲೆಕ್ಕ ಇಲ್ಲಿಗೂ ಸಲ್ಲುತ್ತದೆ. ನಿಧಾನ, ಕಿವಿ ಕೊರೆಯುವ ಸದ್ದು, ತೆಳು ತಗಡಿನ ನಡುಕ ಇದರ ಕೊರತೆಗಳು. ತಗಡಿನ ಕೆಳಗೆ ಪ್ಲೈವುಡ್ ಕೊಟ್ಟು ಬಿಗಿದರೆ ನಡುಕ ನಿಲ್ಲುತ್ತದೆ. ಲೋಹಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾ ಚೊಕ್ಕವಾಗಿ ಕೊಯ್ಯುತ್ತದಾದರೂ ಅಪರೂಪದ ಕೆಲಸಕ್ಕೆ ಅದರ ಬೆಲೆ ಹೊರೆ.

ದಪ್ಪ ಆಂಗಲ್ಲಿಗೆ, ತುಕ್ಕು ಹಿಡಿದ ಬೋಲ್ಟಿಗೆ ಗ್ರೈಂಡರಿಗೆ ಸಾಟಿಯಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾರ್ಡ್, ಕ್ಲಾಂಪು, ಕನ್ನಡಕ ಮೂರೂ ಇದ್ದರೆ ಮಾತ್ರ ಅದು ಮನೆಗೆ ತಕ್ಕ ಯಂತ್ರ. ವರ್ಷಕ್ಕೆ ಒಂದೆರಡು ಪೈಪು ಕೊಯ್ಯುವವರಿಗೆ ಹ್ಯಾಕ್ಸಾ ಸಾಕು. ಅದೂ ಬೇಡವೆಂದರೆ ಅಳತೆ ಬರೆದು ಕೊಟ್ಟು ವೆಲ್ಡಿಂಗ್ ಶಾಪಿನಲ್ಲಿ ಕತ್ತರಿಸಿ ತರುವುದೇ ಜಾಣತನ.